ಮೆರಿಟ್ ಸ್ಕಾಲರ್‌ಶಿಪ್ ಮತ್ತು ಯಾರೂ ಓದದ 37ನೇ ಪ್ಯಾರಾ

ಪಿಯುಸಿ ಫಲಿತಾಂಶ ಬಂದ ಮರುದಿನದ ಪತ್ರಿಕೆ ಬಿಡಿಸಿದರೆ ಸುದ್ದಿಗಿಂತ ಮೊದಲು ಕಣ್ಣಿಗೆ ಬೀಳುವುದು ಖಾಸಗಿ ವಿಶ್ವವಿದ್ಯಾಲಯಗಳ ಪೂರ್ಣಪುಟದ ಜಾಹೀರಾತು. ಮೇಲೆ ಕೋಟಿಗಳ ಲೆಕ್ಕದಲ್ಲಿ ಮೆರಿಟ್ ಸ್ಕಾಲರ್‌ಶಿಪ್, ಕೆಳಗೆ ನಕ್ಷತ್ರ ಹಾಕಿದ ಸಣ್ಣಕ್ಷರದ ಷರತ್ತು. ಒಂದೆರಡು ವಾರ ಕಳೆಯುವಷ್ಟರಲ್ಲಿ ಅಂಕಣದ ಪುಟದಲ್ಲಿ ಶಿಕ್ಷಣತಜ್ಞರೊಬ್ಬರು ಪ್ರತ್ಯಕ್ಷರಾಗುತ್ತಾರೆ: ಡೊನೇಷನ್ ಕಾಲ ಮುಗಿಯುತ್ತಿದೆ, ಖಾಸಗಿಯವರೂ ಈಗ ಮೆರಿಟ್‌ಗೆ ಮಣೆ ಹಾಕುತ್ತಿದ್ದಾರೆ, ಬಡವರ ಮಕ್ಕಳಿಗೂ ದಾರಿ ತೆರೆಯುತ್ತಿದೆ. ಜಾಹೀರಾತನ್ನು ನಾನು ಕ್ಷಮಿಸಬಲ್ಲೆ, ಮಾರುವವನು ಕೂಗಲೇಬೇಕು. ಈ ಅಂಕಣದ ಸಮಾಧಾನವನ್ನು ಕ್ಷಮಿಸುವುದು ಕಷ್ಟ. ಖಾಸಗಿ ವಿ.ವಿ.ಗಳ ಮೆರಿಟ್ ಸ್ಕಾಲರ್‌ಶಿಪ್ ಬಹುಪಾಲು ಸಂದರ್ಭಗಳಲ್ಲಿ ಇಲ್ಲದವರ ಮನೆಯಿಂದ ಉಳ್ಳವರ ಮನೆಗೆ ಹಣ ಸಾಗಿಸುವ ಏರ್ಪಾಡು. ಇದನ್ನು ಮೊದಲು ಹೇಳಿದವನು ನಾನಲ್ಲ. ಖಾಸಗಿ ಸಂಸ್ಥೆಗಳು ತಮ್ಮ ಸ್ವಾತಂತ್ರ್ಯದ ಸನ್ನದು ಎಂದು ತಲೆಯ ಮೇಲೆ ಹೊತ್ತು ಮೆರೆಸುವ ತೀರ್ಪೇ ಇದನ್ನು ಹೇಳಿದೆ. ಆ ಪುಟವನ್ನು ಅವರೂ ಓದಿಲ್ಲ, ಅಂಕಣಕಾರರೂ ಓದಿಲ್ಲ.

ಹಿಂದಿನ ಕಥೆ ಎಲ್ಲರಿಗೂ ಗೊತ್ತಿರುವುದೇ. 1984ರ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ. ಅದರ ಬೆನ್ನಿಗೆ 1989ರಲ್ಲಿ ವೈದ್ಯಕೀಯ ಸೀಟಿಗೆ ಮೂರು ದರ: ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಕರ್ನಾಟಕದವರಿಗೆ 25,000, ಹೊರರಾಜ್ಯದವರಿಗೆ 60,000. ತುಮಕೂರಿನ ಕಾಲೇಜಿನಲ್ಲಿ ಸೀಟು ಬಯಸಿದ ಮೀರತ್‌ನ ಮೋಹಿನಿ ಜೈನ್ ಈ ಕೊನೆಯ ದರವನ್ನು ಪ್ರಶ್ನಿಸಿ 1992ರಲ್ಲಿ ಗೆದ್ದರು. ಮರುವರ್ಷ ಬಂದ ಉನ್ನಿಕೃಷ್ಣನ್ ತೀರ್ಪು ಸೀಟುಗಳನ್ನು ಅರ್ಧಕ್ಕರ್ಧ ಹಂಚಿ, ಮೇಲಿನ ರ‍್ಯಾಂಕಿನವರಿಗೆ ಫ್ರೀ ಸೀಟು, ಅವರ ನಂತರದವರಿಗೆ ಪೇಮೆಂಟ್ ಸೀಟು, ಫ್ರೀ ಸೀಟಿನ ಖರ್ಚೂ ಪೇಮೆಂಟ್ ಸೀಟಿನವರ ಮೇಲೆ ಎಂದಿತು. ತೊಂಬತ್ತರ ದಶಕದಲ್ಲಿ ಮಕ್ಕಳನ್ನು ಸಿಇಟಿಗೆ ಕೂರಿಸಿದ ಯಾರನ್ನೇ ಕೇಳಿ, ಆಗ ಮದುವೆ ಮನೆಗಳಲ್ಲಿ ಕುಶಲೋಪರಿಗಿಂತ ಮೊದಲು ಬರುತ್ತಿದ್ದ ಪ್ರಶ್ನೆ ಅದೇ: ಫ್ರೀನಾ, ಪೇಮೆಂಟಾ?

2002ರ ಅಕ್ಟೋಬರ್ 31ರಂದು ಹನ್ನೊಂದು ನ್ಯಾಯಮೂರ್ತಿಗಳ ಪೀಠ ಈ ಏರ್ಪಾಡನ್ನು ಕಿತ್ತುಹಾಕಿತು. ಮಣಿಪಾಲದಿಂದ ಹೊರಟ ಟಿ.ಎಂ.ಎ. ಪೈ ಫೌಂಡೇಷನ್ ಮೊಕದ್ದಮೆ ಅದು. ಅನುದಾನರಹಿತ ಸಂಸ್ಥೆಗಳು ತಮ್ಮ ಶುಲ್ಕವನ್ನು ತಾವೇ ಗೊತ್ತುಮಾಡಬಹುದು, ಬೆಳವಣಿಗೆಗೆ ಬೇಕಾದಷ್ಟು ಮಿಗಿಸಿಕೊಳ್ಳಬಹುದು, ಆದರೆ ಲಾಭಕೋರತನ ಕೂಡದು, ಕ್ಯಾಪಿಟೇಷನ್ ಕೂಡದು. ಎಲ್ಲರ ಬಾಯಲ್ಲೂ ಇರುವುದು ಇಷ್ಟೇ. ಮುಖ್ಯ ನ್ಯಾಯಮೂರ್ತಿ ಬಿ.ಎನ್. ಕಿರ್ಪಾಲ್ ಬರೆದ ಬಹುಮತದ ತೀರ್ಪಿನ 37ನೇ ಪ್ಯಾರಾವನ್ನು ಮಾತ್ರ ಎಲ್ಲೂ ಯಾರೂ ಎತ್ತುವುದಿಲ್ಲ. ನನ್ನ ಮಟ್ಟಿಗೆ ಇಡೀ ತೀರ್ಪಿನ ಜೀವ ಇರುವುದು ಅಲ್ಲಿ.

ಆ ಪ್ಯಾರಾ ಉನ್ನಿಕೃಷ್ಣನ್ ಏರ್ಪಾಡಿನ ಮೇಲೆ ಎರಡು ಆಕ್ಷೇಪ ಎತ್ತುತ್ತದೆ. ಒಂದು ತತ್ವದ್ದು. ಉನ್ನತ ಶಿಕ್ಷಣ ಮೂಲಭೂತ ಹಕ್ಕೇ ಅಲ್ಲ ಎಂದ ಮೇಲೆ, ಒಬ್ಬ ಪ್ರಜೆಯ ಓದಿಗೆ ಇನ್ನೊಬ್ಬ ಪ್ರಜೆ ಹಣ ಕೊಡಲೇಬೇಕು ಎಂದು ಒತ್ತಾಯಿಸುವುದು ಸರಿಯಲ್ಲ. ಎರಡನೆಯದು ಕಂಡ ವಾಸ್ತವದ್ದು. ಬರೀ ಅಂಕ ನೋಡಿ ಮೆರಿಟ್ ಅಳೆಯುವ ಸ್ಪರ್ಧೆಯಲ್ಲಿ ಪೇಟೆಯ ವಿದ್ಯಾರ್ಥಿ ಯಾವತ್ತೂ ಹಳ್ಳಿಯವನಿಗಿಂತ ಒಂದು ಹೆಜ್ಜೆ ಮುಂದೆ. ಹಾಗಾಗಿ ಆದದ್ದೇನು? ಮೆರಿಟ್‌ನಲ್ಲಿ ಕೊಂಚ ಹಿಂದೆ ಬಿದ್ದ ಹಳ್ಳಿಯ ಅಥವಾ ಬಡ ವಿದ್ಯಾರ್ಥಿ, ಉಳ್ಳ ಮನೆಯ, ಎಲ್ಲ ಅನುಕೂಲ ಕಂಡ ಪೇಟೆಯ ವಿದ್ಯಾರ್ಥಿಯ ಹೊರೆ ಹೊತ್ತ.

ಈ ಎರಡು ಆಕ್ಷೇಪಗಳು ಒಂದೇ ಉಸಿರಿನಲ್ಲಿ ಬಂದಿವೆ, ಆದರೆ ಹೊರಡುವ ದಿಕ್ಕು ಬೇರೆ ಬೇರೆ. ತಪ್ಪಿರುವುದು ಒತ್ತಾಯದಲ್ಲಿ ಎಂದಾದರೆ ಒತ್ತಾಯ ತೆಗೆದ ಕೂಡಲೇ ತಪ್ಪು ಹೋಯಿತು. ಪ್ರಾಸ್ಪೆಕ್ಟಸ್ ನೋಡಿ, ಸಹಿ ಹಾಕಿ, ಶುಲ್ಕ ಕಟ್ಟಿದವನು ಯಾರ ಒತ್ತಾಯಕ್ಕೂ ಒಳಗಾಗಿಲ್ಲವಲ್ಲ! ತಪ್ಪಿರುವುದು ಬಡವ ಉಳ್ಳವನ ಹೊರೆ ಹೊರುವುದರಲ್ಲಿ ಎಂದಾದರೆ, ಹೊರಿಸಿದವರು ಸರ್ಕಾರವೋ ಟ್ರಸ್ಟೋ ಎಂಬುದರಿಂದ ಹೊರೆ ಹಗುರಾಗುವುದಿಲ್ಲ. ತೀರ್ಪು ಮುಂದಕ್ಕೆ ಸಾಗಿದ್ದು ಮೊದಲ ಆಕ್ಷೇಪದ ಹಾದಿಯಲ್ಲಿ. ಎರಡನೆಯದು ಅಲ್ಲೇ ಉಳಿಯಿತು. ಸರ್ಕಾರ ನಡೆಸುತ್ತಿದ್ದ ಏರ್ಪಾಡನ್ನು ಖಾಸಗಿ ವಿ.ವಿ.ಗಳು ಸ್ವಂತ ಖುಷಿಯಿಂದ ಮರುಸ್ಥಾಪಿಸಿದವು, ಅದಕ್ಕೆ ಸ್ಕಾಲರ್‌ಶಿಪ್ ಎಂದು ಹೆಸರಿಟ್ಟವು.

ಆ ‘ಕೊಂಚ’ವನ್ನೂ ಸ್ವಲ್ಪ ನೋಡೋಣ. ಫ್ರೀ ಸೀಟಿನವನಿಗೂ ಪೇಮೆಂಟ್ ಸೀಟಿನವನಿಗೂ ನಡುವಿನ ಅಂತರ ಕೂದಲೆಳೆಯದು ಎಂಬುದು ಪೀಠಕ್ಕೆ ಗೊತ್ತಿತ್ತು. ಈಗಿನ ಸ್ಲ್ಯಾಬ್ ಪಟ್ಟಿ ತೆಗೆದು ನೋಡಿ. ಅಂಕಿಗಳು ವಿ.ವಿ.ಯಿಂದ ವಿ.ವಿ.ಗೆ ಬದಲಾಗುತ್ತವೆ, ಒಂದು ಮಾದರಿ ಹೀಗೆ: ಶೇ 95 ಮುಟ್ಟಿದವರಿಗೆ ಬೋಧನಾ ಶುಲ್ಕದಲ್ಲಿ ಅರ್ಧ ಕಡಿತ, 90 ಮುಟ್ಟಿದರೆ ಕಾಲು, ಅದರ ಕೆಳಗೆ ಚೂರುಪಾರು. 600ಕ್ಕೆ 570 ತೆಗೆದವಳಿಗೆ ಅರ್ಧ, 569 ತೆಗೆದವಳಿಗೆ ಕಾಲು. ಶುಲ್ಕ ನಾಲ್ಕು ಲಕ್ಷ ಎಂದಿಟ್ಟುಕೊಂಡರೆ ಆ ಒಂದು ಅಂಕದ ಬೆಲೆ ವರ್ಷಕ್ಕೆ ಒಂದು ಲಕ್ಷ ರೂಪಾಯಿ. ಕನ್ನಡ ಪತ್ರಿಕೆಯ ಪ್ರಬಂಧಕ್ಕೆ ಮೌಲ್ಯಮಾಪಕರು ಹಾಕುವ ಅಂಕ ಅವರ ಆ ದಿನದ ದಣಿವಿನ ಮೇಲೂ ನಿಂತಿರುತ್ತದೆ ಎಂಬುದು ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿದ ಪ್ರತಿ ಮನೆಗೂ ಗೊತ್ತು.

ಈ ಕಡಿತದ ಹಣ ಎಲ್ಲಿಂದ ಬರುತ್ತದೆ? ದತ್ತಿನಿಧಿ ಇರುವ ಸಂಸ್ಥೆಗಳ ಮಾತು ಬೇರೆ. ಶುಲ್ಕದಿಂದಲೇ ಬದುಕುವ ಸಂಸ್ಥೆಯಲ್ಲಿ ಅದು ಬರುವುದು ಉಳಿದವರ ಶುಲ್ಕದಿಂದ. ಲೆಕ್ಕಕ್ಕೆಂದು ನೂರು ಮಂದಿಯ ಒಂದು ತರಗತಿ ಇಟ್ಟುಕೊಳ್ಳಿ. ಶುಲ್ಕ ನಾಲ್ಕು ಲಕ್ಷ. ನಲವತ್ತು ಮಂದಿಗೆ ಅರ್ಧ ಕಡಿತ, ಅರವತ್ತು ಮಂದಿಗೆ ಪೂರ್ತಿ ಶುಲ್ಕ. ಒಟ್ಟು ಬಂದದ್ದು ಮೂರು ಕೋಟಿ ಇಪ್ಪತ್ತು ಲಕ್ಷ, ಅಂದರೆ ತಲೆಗೆ ಮೂರು ಲಕ್ಷದ ಇಪ್ಪತ್ತು ಸಾವಿರ. ಈ ತರಗತಿ ನಡೆಯುವುದು ಇಷ್ಟೇ ಹಣದಲ್ಲಿ. ಪೂರ್ತಿ ಕಟ್ಟಿದ ಪ್ರತಿಯೊಬ್ಬರೂ ಸರಾಸರಿಗಿಂತ ಎಂಬತ್ತು ಸಾವಿರ ಹೆಚ್ಚು ಕೊಟ್ಟಿದ್ದಾರೆ, ಸ್ಕಾಲರ್‌ಶಿಪ್ ಪಡೆದ ಪ್ರತಿಯೊಬ್ಬರೂ ಒಂದು ಲಕ್ಷದ ಇಪ್ಪತ್ತು ಸಾವಿರ ಕಡಿಮೆ. ಅರವತ್ತು ಜನರ ಜೇಬಿನಿಂದ ಹೊರಟ ನಲವತ್ತೆಂಟು ಲಕ್ಷ ನಲವತ್ತು ಜನರ ಜೇಬು ಸೇರಿತು. ವಿ.ವಿ. ತನ್ನ ಗಂಟಿನಿಂದ ಬಿಚ್ಚಿದ್ದು ಏನೂ ಇಲ್ಲ. ಆಷಾಢದ ಸೀರೆ ಅಂಗಡಿಯವನಾದರೂ ರಿಯಾಯಿತಿಯನ್ನು ರಿಯಾಯಿತಿ ಎಂದೇ ಕರೆಯುತ್ತಾನೆ, ಅದನ್ನು ಉಟ್ಟವಳ ಪ್ರತಿಭೆಗೆ ಪುರಸ್ಕಾರ ಎನ್ನುವುದಿಲ್ಲ.

ಇನ್ನು ಆ ನಲವತ್ತು ಯಾರು, ಅರವತ್ತು ಯಾರು? ಮಂಗಳೂರು, ಮೂಡುಬಿದಿರೆ, ಬೆಂಗಳೂರುಗಳ ಇಂಟಿಗ್ರೇಟೆಡ್ ಪಿಯು ಕಾಲೇಜುಗಳಲ್ಲಿ ಎರಡು ವರ್ಷಕ್ಕೆ ಲಕ್ಷಗಟ್ಟಲೆ ಸುರಿದ ಮನೆಗಳ ಮಕ್ಕಳು ಯಾವ ಸ್ಲ್ಯಾಬಿಗೆ ಹೆಚ್ಚಾಗಿ ಬೀಳುತ್ತಾರೆ? ಭೌತಶಾಸ್ತ್ರಕ್ಕೆ ಅತಿಥಿ ಉಪನ್ಯಾಸಕರು ದಸರಾ ಕಳೆದ ಮೇಲೆ ಬಂದ ಸರ್ಕಾರಿ ಪಿಯು ಕಾಲೇಜಿನವರು ಎಲ್ಲಿಗೆ ಬೀಳುತ್ತಾರೆ? ಅಪವಾದ ಇದ್ದೇ ಇವೆ, ಅವು ಪತ್ರಿಕೆಯಲ್ಲಿ ಫೋಟೊ ಸಮೇತ ಬರುತ್ತವೆ. ಅಪವಾದವಾದ್ದರಿಂದಲೇ ಬರುತ್ತವೆ.

ಇಲ್ಲಿ ಇನ್ನೊಂದು ಕೈಚಳಕವೂ ಇದೆ. ಹಲವು ಕಡೆ ಪ್ರವೇಶ ಆರಂಭವಾಗುವುದು ಪಿಯು ಪರೀಕ್ಷೆಗೂ ಮೊದಲು, ವಿ.ವಿ.ಯ ಸ್ವಂತ ಪ್ರವೇಶ ಪರೀಕ್ಷೆಯ ಮೂಲಕ. ಸ್ಕಾಲರ್‌ಶಿಪ್ ಪತ್ರದಲ್ಲಿ ಇಂಥ ದಿನದೊಳಗೆ ಮುಂಗಡ ಕಟ್ಟಿದರೆ ಮಾತ್ರ ಅನ್ವಯ ಎಂಬ ಸಾಲು. ಜನವರಿ–ಫೆಬ್ರುವರಿಯಲ್ಲಿ ಲಕ್ಷ ರೂಪಾಯಿ ಕಟ್ಟಿಟ್ಟು, ಆಮೇಲೆ ಸಿಇಟಿಯಲ್ಲಿ ಒಳ್ಳೆಯ ಕಾಲೇಜು ಸಿಕ್ಕರೆ ಆ ಮುಂಗಡವನ್ನು ಬಿಟ್ಟುಕೊಡುವ ಧೈರ್ಯ ಯಾರಿಗಿರುತ್ತದೆ? ಸಿಇಟಿ ಕೌನ್ಸೆಲಿಂಗ್ ಮುಗಿಯುವವರೆಗೆ ಕಾಯಲೇಬೇಕಾದ ಮನೆಯವರು ಬರುವ ಹೊತ್ತಿಗೆ ಮೇಲಿನ ಸ್ಲ್ಯಾಬು ಭರ್ತಿಯಾಗಿರುತ್ತದೆ. ಮೆರಿಟ್ ಎಂದು ಅಳೆದದ್ದರಲ್ಲಿ ಒಂದು ಪಾಲು ಕೈಯಲ್ಲಿರುವ ನಗದು.

ಇಷ್ಟು ಹೇಳಿದರೆ ನಮ್ಮ ವಿಮರ್ಶಕ ಮಿತ್ರರು ಎರಡು ಕಡೆಯಿಂದ ಏರಿಬರುತ್ತಾರೆ. ಒಂದು ಗುಂಪಿಗೆ ಮೆರಿಟ್ ಎಂದ ತಕ್ಷಣ ಮೀಸಲಾತಿ ನೆನಪಾಗುತ್ತದೆ. ಪರವಾಗಿಯೋ ವಿರುದ್ಧವಾಗಿಯೋ ಕತ್ತಿ ಹಿರಿದು ನಿಂತುಬಿಡುತ್ತಾರೆ, ಮುಂದಿನ ಮಾತು ಕೇಳಿಸುವುದಿಲ್ಲ. ಅನುದಾನರಹಿತ ಕಾಲೇಜುಗಳ ಮೇಲೆ ಸರ್ಕಾರ ಮೀಸಲಾತಿ ಹೇರುವಂತಿಲ್ಲ ಎಂದ 2005ರ ಇನಾಮ್‌ದಾರ್ ತೀರ್ಪು, ಅದಕ್ಕೆ ಉತ್ತರವಾಗಿ ಮೀಸಲಾತಿಗೆ ದಾರಿ ಮಾಡಿದ ಸಂವಿಧಾನದ 93ನೇ ತಿದ್ದುಪಡಿ, ಎಲ್ಲವೂ ಮುಖ್ಯವೇ. ಆದರೆ ಅವು ಸೀಟು ಯಾರಿಗೆ ಎಂಬುದರ ಜಗಳ. ಒಳಗೆ ಬಂದವರಲ್ಲಿ ಯಾರು ಎಷ್ಟು ಕಟ್ಟಬೇಕು ಎಂಬ ಜಗಳವನ್ನು ಈ ಗುಂಪು ಇಪ್ಪತ್ತು ವರ್ಷಗಳಿಂದ ಆಡಿಯೇ ಇಲ್ಲ.

ಎರಡನೆಯ ಗುಂಪಿನವರು ಹೆಚ್ಚು ಓದಿದವರು, ಆದ್ದರಿಂದ ಹೆಚ್ಚು ಅಪಾಯ. ಅವರ ಕೈಯಲ್ಲಿ ಮೈಕೆಲ್ ಸ್ಯಾಂಡೆಲ್. ಹಾರ್ವರ್ಡ್‌ನ ಈ ಪ್ರಾಧ್ಯಾಪಕ 2020ರಲ್ಲಿ ಮೆರಿಟ್‌ನ ದಬ್ಬಾಳಿಕೆ ಕುರಿತು ಬರೆದ ಪುಸ್ತಕದಲ್ಲಿ, ಅರ್ಹತೆಯ ಮಟ್ಟ ದಾಟಿದವರ ನಡುವೆ ಲಾಟರಿ ಎತ್ತಿ ಸೀಟು ಕೊಡಬಹುದಲ್ಲ ಎಂದು ಸೂಚಿಸಿದ್ದಾರೆ. ನಮ್ಮಲ್ಲಿ ವಿಚಾರ ಸಂಕಿರಣಗಳಲ್ಲಿ ಈಗ ಅದೇ ಪಲ್ಲವಿ. ಸ್ವಾಮಿ, ಸ್ಯಾಂಡೆಲ್ ನೋಡುತ್ತಿರುವುದು ಬೆರಳೆಣಿಕೆಯ ಸೀಟಿಗೆ ಸಾವಿರಾರು ಅರ್ಜಿ ಬೀಳುವ ಬಾಗಿಲನ್ನು. ನಮ್ಮ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಂಪ್ಯೂಟರ್ ಸೈನ್ಸ್ ಬಿಟ್ಟರೆ ಸಿವಿಲ್, ಮೆಕ್ಯಾನಿಕಲ್ ಸೀಟುಗಳು ಪ್ರತಿ ವರ್ಷ ಖಾಲಿ ಉಳಿಯುತ್ತವೆ. ಖಾಲಿ ಸೀಟಿಗೆ ಲಾಟರಿ ಎತ್ತುವುದು ಹೇಗೆ? ಇಲ್ಲಿಯ ಕಾಯಿಲೆ ಇರುವುದು ದರಪಟ್ಟಿಯಲ್ಲಿ.

ಇದೇ ಗುಂಪಿನ ಇನ್ನೊಂದು ಮಾತು: ಅಮೆರಿಕದಲ್ಲೂ ಹೀಗೇ ತಾನೆ? ಅರ್ಧ ನಿಜ. ಅಲ್ಲಿಯ ಬಹಳಷ್ಟು ಖಾಸಗಿ ಕಾಲೇಜುಗಳು ಘೋಷಿತ ಶುಲ್ಕವನ್ನು ಏರಿಸಿ, ಸ್ಕಾಲರ್‌ಶಿಪ್ ಹೆಸರಿನಲ್ಲಿ ಇಳಿಸುತ್ತವೆ. ಹೊಸದಾಗಿ ಸೇರುವವರಿಗೆ ಸರಾಸರಿ ಕಡಿತ ಈಗ ಶುಲ್ಕದ ಅರ್ಧಕ್ಕಿಂತ ಹೆಚ್ಚು. ಇದನ್ನು ಕಾಲೇಜು ಆಡಳಿತದವರೇ ಬೆಲೆ ಕಡಿತ ಎಂದು ಬಹಿರಂಗವಾಗಿ ಲೆಕ್ಕ ಇಡುತ್ತಾರೆ. ಆದರೆ ನಮ್ಮವರು ಮೇಲ್ಪಂಕ್ತಿಯೆಂದು ಹೆಸರು ಹೇಳುವ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಸೇರಿದಂತೆ ಐವಿ ಲೀಗ್‌ನ ಎಂಟೂ ವಿ.ವಿ.ಗಳು ಪದವಿ ವಿದ್ಯಾರ್ಥಿಗಳಿಗೆ ಮೆರಿಟ್ ಸ್ಕಾಲರ್‌ಶಿಪ್ ಕೊಡುವುದೇ ಇಲ್ಲ. ಒಳಗೆ ಬಂದವರೆಲ್ಲ ಮೆರಿಟ್ ಇದ್ದವರೇ, ಇನ್ನು ನೆರವು ಮನೆಯ ಆದಾಯ ನೋಡಿ ಎಂಬುದು ಅಲ್ಲಿಯ ನಿಯಮ. ಅವರ ಪ್ರವೇಶ ಪದ್ಧತಿಯಲ್ಲಿ ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ, ದಾನಿಗಳ ಮಕ್ಕಳಿಗೆ ಹಿಂಬಾಗಿಲು ಇದೆ, ಅದು ನಾಚಿಕೆಗೇಡು. ಆದರೆ ಅಂಕವನ್ನು ಎರಡು ಸಲ ಬಳಸುವ ತಪ್ಪನ್ನು ಅವರು ಮಾಡುವುದಿಲ್ಲ.

ನನ್ನ ವಾದ ನಿಂತಿರುವುದು ಈ ಎರಡು ಸಲದ ಮೇಲೆ. ಸೀಟು ಹಂಚುವಾಗ ಅಂಕ ಬೇಕು. ಅದೇ ತೀರ್ಪಿನ 58ನೇ ಪ್ಯಾರಾ ಇದನ್ನು ಸರಿಯಾಗಿಯೇ ಹೇಳುತ್ತದೆ: ಮೆರಿಟ್ ಕಡಿಮೆಯಿದ್ದೂ ವಶೀಲಿ ಇರುವವನು ಮೆರಿಟ್ ಉಳ್ಳವನನ್ನು ತಳ್ಳಿ ಮುಂದೆ ಬರಕೂಡದು. ಅಂಕ ಬಿಟ್ಟರೆ ಆ ಜಾಗಕ್ಕೆ ಬರುವುದು ಶಾಸಕರ ಪತ್ರ, ಟ್ರಸ್ಟಿಯ ಭಾವಮೈದ. ಅಂಕ ಪೇಟೆಯ ಕಡೆ ವಾಲುತ್ತದೆ ಎಂದು ಗೊತ್ತಿದ್ದೂ ನಾವು ಒಪ್ಪುವುದು ಈ ಭಯಕ್ಕೆ. ಆದರೆ ಬೆಲೆ ಕಟ್ಟುವಾಗ ಅಂಥ ಭಯವೇನಿದೆ? ಅಂಕದ ಕೆಲಸ ಬಾಗಿಲಲ್ಲೇ ಮುಗಿದಿದೆ. ಒಳಗೆ ಕರೆದ ಮೇಲೆ ಅದೇ ಅಂಕವನ್ನು ಮತ್ತೆ ಎತ್ತಿಕೊಂಡು, ನೀನು ಮುಂದಿದ್ದೆ, ನಿನಗೆ ಕಡಿಮೆ, ನೀನು ಹಿಂದಿದ್ದೆ, ನಿನಗೆ ಹೆಚ್ಚು ಎಂದರೆ ಪೇಟೆಯವನ ಅನುಕೂಲಕ್ಕೆ ಎರಡು ಸಲ ಬಹುಮಾನ ಕೊಟ್ಟಂತಾಯಿತು.

ಎರಡನ್ನೂ ಬೇರೆಯಿಡುವುದು ಸಾಧ್ಯ ಎನ್ನಲು ಪುರಾವೆ ಸಿಇಟಿ ನಡೆಸುವ ನಮ್ಮ ಕೆಇಎ ಕೌನ್ಸೆಲಿಂಗ್‌ನಲ್ಲೇ ಇದೆ. ಎಸ್‌ಎನ್‌ಕ್ಯೂ ಸೀಟು ಎಂದು ಪೋಷಕರು ಪಿಸುಮಾತಿನಲ್ಲಿ ಹೇಳಿಕೊಳ್ಳುವ ಹೆಚ್ಚುವರಿ ಶೇ 5ರ ಕೋಟಾ: ಮನೆಯ ವಾರ್ಷಿಕ ಆದಾಯ ಎಂಟು ಲಕ್ಷದೊಳಗಿದ್ದರೆ ಬೋಧನಾ ಶುಲ್ಕ ಮಾಫಿ, ಅಂಥವರ ನಡುವೆ ಸೀಟು ರ‍್ಯಾಂಕ್ ಪ್ರಕಾರ. ಸರದಿಗೆ ಅಂಕ, ಬೆಲೆಗೆ ಆದಾಯ. ಎಂಟು ಲಕ್ಷ ಎಂಬ ಗೆರೆ ಬಡವರಿಗೆ ಎಳೆದದ್ದಲ್ಲ, ತಹಶೀಲ್ದಾರ್ ಕಚೇರಿಯ ಆದಾಯ ಪ್ರಮಾಣಪತ್ರದ ಸತ್ಯಸಂಧತೆಯ ಬಗ್ಗೆ ನನಗೂ ನಗು ಬರುತ್ತದೆ. ಆದರೂ ತತ್ವ ನೆಟ್ಟಗಿದೆ. ಖಾಸಗಿ ವಿ.ವಿ.ಗಳಲ್ಲೇ ನೋಡಿದರೆ, 2010ರ ಕಾಯ್ದೆಯಡಿ ಬಂದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಮೊದಲಿನಿಂದಲೂ ಕುಟುಂಬದ ಆದಾಯ ನೋಡಿ ನೆರವು ಕೊಡುತ್ತಿದೆ. ಅದರ ಹಿಂದೆ ದೊಡ್ಡ ದತ್ತಿ ಇದೆ, ಎಲ್ಲರಿಗೂ ಹಾಗಾಗದು ಎಂಬ ಉತ್ತರ ಬರುತ್ತದೆ. ಒಪ್ಪಿದೆ. ಆದರೆ ಮೇಲಿನ ಲೆಕ್ಕದ ಆ ನಲವತ್ತೆಂಟು ಲಕ್ಷಕ್ಕೆ ದತ್ತಿಯೇನೂ ಬೇಕಿರಲಿಲ್ಲವಲ್ಲ. ಹಣ ಇದೆ, ಹರಿಯುತ್ತಲೂ ಇದೆ. ತಿರುಗಿಸಬೇಕಾದದ್ದು ಕಾಲುವೆಯ ಬಾಯಿ.

ಹಾಗಾದರೆ ಬುದ್ಧಿವಂತರಿಗೆ ಏನೂ ಬೇಡವೇ ಎಂದು ಕೇಳುವವರಿಗೆ: ಬೇಕು, ಪದಕ ಕೊಡಿ, ಪ್ರಯೋಗಾಲಯದ ಕೀಲಿ ಕೊಡಿ, ಎರಡನೇ ವರ್ಷದಿಂದ ಪ್ರಾಧ್ಯಾಪಕರ ಸಂಶೋಧನೆಯಲ್ಲಿ ಸಂಬಳದ ಕೆಲಸ ಕೊಡಿ. ಒಳಗೆ ಬಂದ ಮೇಲಿನ ಸೆಮಿಸ್ಟರ್ ಸಾಧನೆ ನೋಡಿ ಬಹುಮಾನ ಕೊಡುವ ಪದ್ಧತಿ ಕೆಲವೆಡೆ ಇದೆ. ಅಲ್ಲಿ ಕನಿಷ್ಠ ಎಲ್ಲರಿಗೂ ಒಂದೇ ಮೇಷ್ಟ್ರು, ಒಂದೇ ಗ್ರಂಥಾಲಯ.

ವಿ.ವಿ.ಗಳು ಇದನ್ನೆಲ್ಲ ಅಲ್ಲಗಳೆಯುವುದಾದರೆ ಎರಡು ಅಂಕಿ ಪ್ರಕಟಿಸಲಿ. ಮೆರಿಟ್ ಸ್ಕಾಲರ್‌ಶಿಪ್ ಪಡೆದವರಲ್ಲಿ ಎಂಟು ಲಕ್ಷದೊಳಗಿನ ಆದಾಯದ ಮನೆಯವರು ಎಷ್ಟು ಮಂದಿ? ಪೂರ್ತಿ ಶುಲ್ಕ ಕಟ್ಟಿದವರಲ್ಲಿ ಬ್ಯಾಂಕಿನ ಶಿಕ್ಷಣ ಸಾಲ ತೆಗೆದವರು ಎಷ್ಟು ಮಂದಿ? ಎರಡನೆಯದನ್ನು ಹುಡುಕಲು ಅವರು ಎಲ್ಲಿಗೂ ಹೋಗಬೇಕಿಲ್ಲ. ಸಾಲದ ಅರ್ಜಿಯ ಜೊತೆ ಲಗತ್ತಿಸುವ ಬೋನಫೈಡ್ ಸರ್ಟಿಫಿಕೇಟು, ನಾಲ್ಕೂ ವರ್ಷದ ಶುಲ್ಕದ ವಿವರ ಇರುವ ಪತ್ರ, ಎರಡಕ್ಕೂ ಸೀಲು ಹಾಕಿ ಕೊಡುವುದು ಅವರದೇ ಕಚೇರಿ.