ನೆರೆಪರಿಹಾರದ ಅಳತೆಗೋಲು

ಪ್ರಕೃತಿವಿಕೋಪಕ್ಕೆ ಸಿಕ್ಕಿ ಮನೆಮಠಗಳನ್ನು ಕಳೆದುಕೊಂಡವರಿಗೆ ಸರ್ಕಾರ ನೀಡುವ ಧನಸಹಾಯವನ್ನು ಮೊತ್ತದಿಂದ ಮಾತ್ರವೇ ತೂಗುವ ವಾಡಿಕೆ ನಮ್ಮಲ್ಲಿ ಬೇರೂರಿದೆ. ಆ ಹಣ ಯಾರ ಕೈಗೆ, ಯಾವ ಹೊತ್ತಿಗೆ, ಯಾವ ನಷ್ಟವನ್ನು ಲೆಕ್ಕಕ್ಕೆ ಹಿಡಿದು ಸಂದಿತೆಂಬುದನ್ನು ವಿಚಾರಿಸದ ಹೊರತು ಅದರ ಗುಣದೋಷವಿವೇಚನೆ ಪೂರ್ಣವಾಗದು. 2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿ ಬೆಳಗಾವಿ, ಬಾಗಲಕೋಟೆ ಸೀಮೆಯ ಊರುಗಳನ್ನು ಮುಳುಗಿಸಿದಾಗ ಕರ್ನಾಟಕ ಸರ್ಕಾರ ಕೈಗೊಂಡ ಪರಿಹಾರಕಾರ್ಯವು ಇಂಥ ವಿಚಾರಣೆಗೆ ಯೋಗ್ಯವಾದುದು.

ಅದರ ಔದಾರ್ಯವನ್ನು ಮೊದಲು ಮನ್ನಿಸತಕ್ಕದ್ದು. ವಿಪತ್ತು ನಿಧಿಯ ನಿಯಮದಂತೆ ನೀರು ನುಗ್ಗಿದ ಮನೆಗೆ ತತ್‌ಕ್ಷಣ 3,800 ರೂಪಾಯಿ, ಬಯಲುಸೀಮೆಯಲ್ಲಿ ಪೂರ್ಣ ಕುಸಿದ ಮನೆಗೆ 95,100 ರೂಪಾಯಿ ಮಾತ್ರ ಸಲ್ಲುತ್ತಿದ್ದ ಕಾಲದಲ್ಲಿ ರಾಜ್ಯವು ತನ್ನ ಬೊಕ್ಕಸದಿಂದ ಹಣ ಸೇರಿಸಿ, ಮೊದಲನೆಯದನ್ನು 10,000ಕ್ಕೂ ಎರಡನೆಯದನ್ನು 5 ಲಕ್ಷಕ್ಕೂ ಏರಿಸಿತು. ಸಾಲದ ಹಂಗಿಲ್ಲದೆ ಸೂರು ಕಟ್ಟಿಕೊಳ್ಳುವ ಆಸೆಯನ್ನು ಬಡವನಲ್ಲಿ ಹುಟ್ಟಿಸಿದ ಆ ನಿರ್ಧಾರ ಸರ್ವಥಾ ಶ್ಲಾಘ್ಯ.

ದೋಷವಿರುವುದು ಅಳೆದ ರೀತಿಯಲ್ಲಿ. ಹಾನಿ ಶೇಕಡಾ 75ನ್ನು ಮೀರಿದರೆ ‘ಎ’, 25ರಿಂದ 75ರವರೆಗೆ ‘ಬಿ’, 15ರಿಂದ 25ರವರೆಗೆ ‘ಸಿ’ ಎಂಬ ವರ್ಗಗಳಾದುವು. ‘ಎ’ ವರ್ಗಕ್ಕೆ 5 ಲಕ್ಷವಾದರೆ ‘ಸಿ’ ವರ್ಗಕ್ಕೆ ಅಂತಿಮವಾಗಿ 50,000. ಆದರೆ ಆ ಸೀಮೆಯ ಮಣ್ಣಿನ ಗೋಡೆಯ ಸ್ವಭಾವವೇ ಬೇರೆ. ದಿನಗಟ್ಟಲೆ ನೀರಲ್ಲಿ ನಿಂತ ಗೋಡೆ ಬುಡದಲ್ಲಿ ಮೆತ್ತಗಾಗಿದ್ದರೂ ಮೇಲೆ ನೆಟ್ಟಗೆ ನಿಂತಂತೆ ತೋರುತ್ತದೆ. ನೆರೆಯಿಳಿದು ಬಿಸಿಲು ಬಿದ್ದ ಮೇಲೆ ಒಣಗುತ್ತ ಬಿರಿದು, ಮಾಳಿಗೆಯ ಮಣ್ಣಿನ ಭಾರವನ್ನು ತಾಳಲಾರದೆ ವಾರಗಳ ಅನಂತರ ಕುಸಿಯಬಹುದು. ಪಂಚನಾಮೆಯ ದಿನ ಬರೀ ಬಿರುಕು ಕಂಡ ಮನೆ ‘ಸಿ’ ವರ್ಗಕ್ಕೆ ಸೇರಿ, ಮುಂದಿನ ತಿಂಗಳು ನೆಲಸಮವಾದರೆ, ಆ ಗೃಹಸ್ಥನು ಮತ್ತೆ ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ.

ಮನೆಯ ಹಣವನ್ನು ಕಂತುಗಳಲ್ಲಿ ಕೊಡುವ ಕ್ರಮವೂ ವಿಚಾರಾರ್ಹ. ಕಟ್ಟಡದ ಒಂದೊಂದು ಹಂತದ ಛಾಯಾಚಿತ್ರ ದಾಖಲಾದ ಮೇಲೆ ಮುಂದಿನ ಹಣ ಬರುವುದು ದುರುಪಯೋಗವನ್ನು ತಡೆಯುತ್ತದೆ, ನಿಜ. ಆದರೆ ಕಂತು ತಡವಾದರೆ ಕೂಲಿಗೂ ಸಿಮೆಂಟಿಗೂ ಕೈಸಾಲ ಹುಟ್ಟದ ಬಡವನ ಮನೆ ತಳಪಾಯದಲ್ಲೇ ನಿಲ್ಲುತ್ತದೆ, ಉಳ್ಳವನದು ಮೇಲೇಳುತ್ತದೆ. ಬೆಳೆಪರಿಹಾರದಲ್ಲಿಯೂ ಇದೇ ವೈಷಮ್ಯ: ಎರಡು ಹೆಕ್ಟೇರಿಗೆ ಮಿತವಾದ ಆ ಹಣ ಪಹಣಿಯಲ್ಲಿ ಹೆಸರಿದ್ದವನ ಖಾತೆಗೆ ಹೋಗುತ್ತದೆಯಲ್ಲದೆ, ಬೀಜಗೊಬ್ಬರಕ್ಕೆ ಸಾಲ ಮಾಡಿ ಲಾವಣಿಗೆ, ಅಂದರೆ ಗೇಣಿಗೆ, ಉತ್ತವನಿಗೆ ದಕ್ಕುವುದಿಲ್ಲ.

ಆದಕಾರಣ, ಗೋಡೆಗಳು ಒಣಗಿದ ಮೇಲೆ ಎರಡನೆಯ ಸಮೀಕ್ಷೆಯೊಂದು ಕಡ್ಡಾಯವಾಗಿ ನಡೆಯಲಿ. ಫಲಾನುಭವಿಗಳ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ ಆಕ್ಷೇಪಣೆ ಕೇಳಲಿ. ಉತ್ತವನ ಹೆಸರು ಬೆಳೆಸಮೀಕ್ಷೆಯಲ್ಲಿ ನಮೂದಾಗಲಿ. ಕಂತು ಬಿಡುಗಡೆಗೆ ಅಧಿಕಾರಿಗಳನ್ನು ಕಟ್ಟುವ ಗಡುವಿರಲಿ. 2019ರ ಪರಿಹಾರವು ಮೊತ್ತದಲ್ಲಿ ಉದಾರವೂ ವಿತರಣೆಯಲ್ಲಿ ಅಸಮವೂ ಆಗಿತ್ತು. ಇಷ್ಟನ್ನು ತಿದ್ದಿಕೊಳ್ಳದೆ ಮೊತ್ತವನ್ನು ಇನ್ನೆಷ್ಟು ಹೆಚ್ಚಿಸಿದರೂ ಅದು ಅತ್ಯಂತ ನಿರ್ಗತಿಕನನ್ನು ಕಡೆಯಲ್ಲಿಯೇ ಮುಟ್ಟುವುದು.