ಸಂಪತ್ ಕುಮಾರ್ ಹೆಸರೂ ಅಲ್ಲಿರಲಿ

2025ರ ನವೆಂಬರ್ 2ರಂದು ನಡೆದ ಮಹಿಳಾ ಕ್ರಿಕೆಟ್ ವಿಶ್ವಕಪ್ ಫೈನಲ್ ಗೆದ್ದ ಹರ್ಮನ್‌ಪ್ರೀತ್ ಬಳಗ, ನವಿ ಮುಂಬೈ ಮೈದಾನದಲ್ಲೇ ಕಪ್ಪನ್ನು ಮಿಥಾಲಿ ರಾಜ್, ಜೂಲನ್ ಗೋಸ್ವಾಮಿ, ಅಂಜುಮ್ ಚೋಪ್ರಾ ಅವರ ಕೈಗೂ ಕೊಟ್ಟು ಸಂಭ್ರಮಿಸಿತು. ಅದಕ್ಕೆ ಮೂರು ವಾರ ಮೊದಲು, ಅಕ್ಟೋಬರ್ 12ರಂದು, ವಿಶಾಖಪಟ್ಟಣದ ಕ್ರೀಡಾಂಗಣದ ಒಂದು ಸ್ಟ್ಯಾಂಡಿಗೆ ಮಿಥಾಲಿಯ ಹೆಸರಿಟ್ಟರು, ಒಂದು ಗೇಟಿಗೆ ಆಂಧ್ರದ ವಿಕೆಟ್ ಕೀಪರ್ ರಾವಿ ಕಲ್ಪನಾ ಹೆಸರು ಬಂತು. ಹೀಗೆ ಆಟಗಾರ್ತಿಯರ ಹೆಸರಿಡುವ ಮಾತನ್ನು ಮೊದಲು ಎತ್ತಿದವರು ಸ್ಮೃತಿ ಮಂದಾನ ಎಂಬುದು ನನಗೆ ಇನ್ನೂ ದೊಡ್ಡ ಖುಷಿ. ಹಿಂದೆ ಆಡಿದವರನ್ನು ಈಗ ಆಡುತ್ತಿರುವವರೇ ನೆನೆದರೆ ಅದರ ತೂಕವೇ ಬೇರೆ.

ಮಿಥಾಲಿ ಬೆಳೆದದ್ದು ಮಾತ್ರ ಇಲ್ಲಿ, ಹೈದರಾಬಾದು ಸಿಕಂದರಾಬಾದಿನಲ್ಲಿ. ಮಗಳ ಬೆಳಗಿನ ನಿದ್ದೆ ಬಿಡಿಸಬೇಕೆಂದು ವಾಯುಪಡೆಯಲ್ಲಿದ್ದ ತಂದೆ ದೊರೈರಾಜ್ ಅವಳನ್ನೂ ಅಣ್ಣನ ಜೊತೆ ಸೇಂಟ್ ಜಾನ್ಸ್ ಕ್ರಿಕೆಟ್ ಶಿಬಿರಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಹೈದರಾಬಾದಿನ ಮಾಜಿ ವೇಗಿ ಜ್ಯೋತಿ ಪ್ರಸಾದ್ ಹುಡುಗಿ ಬ್ಯಾಟ್ ಬೀಸುವುದನ್ನು ಗಮನಿಸಿದರು. ಕೀಸ್ ಬಾಲಕಿಯರ ಶಾಲೆಯ ತಂಡವನ್ನು ತಯಾರು ಮಾಡುತ್ತಿದ್ದ ಸಂಪತ್ ಕುಮಾರ್ ಅವರ ಬಳಿಗೆ ಕಳಿಸಿದರು. ಶಾಲೆಗೆ ಮುಂಚೆ ಅಭ್ಯಾಸ, ಶಾಲೆ ಬಿಟ್ಟ ಮೇಲೂ ಅಭ್ಯಾಸ. ಭರತನಾಟ್ಯ ಕಲಿಯುತ್ತಿದ್ದವಳು ಕೊನೆಗೆ ಗೆಜ್ಜೆ ಬಿಟ್ಟು ಪ್ಯಾಡ್ ಕಟ್ಟಿಕೊಂಡಳು. 1997ರಲ್ಲಿ, ಇನ್ನೂ ಹದಿನಾಲ್ಕರ ವಯಸ್ಸಿಗೇ, ವಿಶ್ವಕಪ್ ಸಂಭಾವ್ಯರ ಪಟ್ಟಿಯಲ್ಲಿ ಅವಳ ಹೆಸರು ಬಂತು. ಅದೇ ವರ್ಷ ಸಂಪತ್ ಕುಮಾರ್ ರಸ್ತೆ ಅಪಘಾತದಲ್ಲಿ ತೀರಿಕೊಂಡರು. 1999ರಲ್ಲಿ ಮಿಲ್ಟನ್ ಕೀನ್ಸ್‌ನಲ್ಲಿ ಐರ್ಲೆಂಡ್ ವಿರುದ್ಧ ಮೊದಲ ಪಂದ್ಯದಲ್ಲೇ ಶಿಷ್ಯೆ ಹೊಡೆದ ಅಜೇಯ 114 ರನ್ನುಗಳನ್ನು ಅವರು ನೋಡಲಿಲ್ಲ.

ಮಿಥಾಲಿಯ ಕಾಲಿನ ಚಲನೆಗೆ ಭರತನಾಟ್ಯ ಕಾರಣ ಎಂದು ಬರೆಯದವರಿಲ್ಲ. ನನಗೆ ಅದು ಅರ್ಧ ಸತ್ಯ. ಕವರ್ ಡ್ರೈವ್ ಹೊಡೆಯುವಾಗ ಅವರ ತಲೆಯನ್ನು ನೋಡಬೇಕಿತ್ತು: ಚೆಂಡಿನ ಮೇಲೆಯೇ ಬಾಗಿ, ಬ್ಯಾಟು ಹಾದುಹೋದ ಮೇಲೂ ಅಲ್ಲಾಡದೆ ಇರುತ್ತಿತ್ತು. ಮೊಣಕೈ ಎತ್ತರದಲ್ಲಿ, ಬ್ಯಾಟಿನ ಮುಖ ಪೂರ್ತಿ ಚೆಂಡಿಗೆ. ಈ ಶಿಸ್ತು ಚಿಕ್ಕಂದಿನಲ್ಲಿ ಯಾರೋ ಎದುರು ನಿಂತು ಸಾವಿರ ಸಲ ತಿದ್ದಿದರೆ ಮಾತ್ರ ಬರುವಂಥದ್ದು. 2002ರಲ್ಲಿ ಟಾಂಟನ್‌ನಲ್ಲಿ ಇಂಗ್ಲೆಂಡಿನ ಮೇಲೆ 407 ಎಸೆತ ಎದುರಿಸಿ 214 ಹೊಡೆದಾಗ ಅವರಿಗೆ ಹತ್ತೊಂಬತ್ತು ವರ್ಷ. ಅಂದಿಗೆ ಅದು ವಿಶ್ವದಾಖಲೆ. ಅಷ್ಟು ಹೊತ್ತು ಕ್ರೀಸಿನಲ್ಲಿ ನಿಲ್ಲಿಸಿದ್ದು ಆ ಶಾಲಾ ದಿನಗಳ ತಿದ್ದುವಿಕೆಯೇ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಹೀಗೆ ತಿದ್ದುವ ಕೋಚ್‌ಗಳನ್ನು ಗೌರವಿಸುವುದು ಹೇಗೆಂದು ಬೇರೆ ಕಡೆ ನೋಡಬೇಕು. ಅಮೆರಿಕದ ನಾಕ್ಸ್‌ವಿಲ್ ಊರಿನಲ್ಲಿ ಮಹಿಳಾ ಬ್ಯಾಸ್ಕೆಟ್‌ಬಾಲ್‌ಗೆಂದೇ ಒಂದು ಗೌರವ ಭವನವಿದೆ. ತೆರೆದದ್ದು 1999ರಲ್ಲಿ. ಅಲ್ಲಿ ಆಟಗಾರ್ತಿಯರಿಗೆ ಸಿಗುವ ಜಾಗವೇ ಕೋಚ್‌ಗಳಿಗೂ ಸಿಗುತ್ತದೆ. ಅದೇ ಊರಿನಲ್ಲಿ ಟೆನೆಸ್ಸೀ ವಿಶ್ವವಿದ್ಯಾಲಯದ ತಂಡಕ್ಕೆ 1,098 ಗೆಲುವು ತಂದುಕೊಟ್ಟ ಪ್ಯಾಟ್ ಸಮಿಟ್ ಅವರನ್ನು ಜನ ಯಾವ ಆಟಗಾರ್ತಿಗಿಂತಲೂ ಕಡಿಮೆ ಎಂದು ಎಣಿಸುವುದಿಲ್ಲ. ನಮ್ಮಲ್ಲಿ ಕೋಚ್ ಎಂದರೆ ಸನ್ಮಾನದ ದಿನ ಹಿಂದಿನ ಸಾಲಿನ ಕುರ್ಚಿ.

ಹೈದರಾಬಾದಿನವರೇ ಆದ ಪೂರ್ಣಿಮಾ ರಾವ್ ಅವರನ್ನೇ ನೋಡಿ. 1995ರಲ್ಲಿ ಭಾರತದ ನಾಯಕಿ. ಟಿವಿ ಇಲ್ಲ, ಸಂಭಾವನೆ ಇಲ್ಲ, ಆಟಗಾರ್ತಿಯರು ರಿಸರ್ವೇಶನ್ ಇಲ್ಲದ ಬೋಗಿಯಲ್ಲಿ ಕಿಟ್ ಬ್ಯಾಗ್ ಹೊತ್ತು ಊರೂರು ತಿರುಗುತ್ತಿದ್ದ ಕಾಲ ಅದು. ಮುಂದೆ ಅವರು ತಂಡದ ಕೋಚ್ ಆದರು. 2016ರ ಜನವರಿಯಲ್ಲಿ ಆಸ್ಟ್ರೇಲಿಯಾ ನೆಲದಲ್ಲಿ ಟಿ20 ಸರಣಿ ಗೆದ್ದಾಗ ಕೋಚ್ ಅವರೇ. 2017ರ ಫೆಬ್ರವರಿಯಲ್ಲಿ ಕೊಲಂಬೊದ ವಿಶ್ವಕಪ್ ಅರ್ಹತಾ ಟೂರ್ನಿಯ ಫೈನಲ್ಲನ್ನು ಹರ್ಮನ್‌ಪ್ರೀತ್ ಕೊನೆಯ ಎಸೆತದಲ್ಲಿ ಗೆದ್ದುಕೊಟ್ಟಾಗಲೂ ಅವರೇ. ವಿಶ್ವಕಪ್ಪಿಗೆ ಎರಡೇ ತಿಂಗಳಿದ್ದಾಗ ಕೋಚ್ ಬದಲಾಯಿತು. ಲಾರ್ಡ್ಸ್ ಫೈನಲ್ ನೋಡಿ ದೇಶ ಎದ್ದು ಕೂತಿತು, ಅಲ್ಲಿಯವರೆಗೆ ತಂಡವನ್ನು ನಡೆಸಿದವರ ಹೆಸರು ಆ ಸಡಗರದಲ್ಲಿ ಕೇಳಲೇ ಇಲ್ಲ. ಈ ನೋವು ನನಗೆ ಇವತ್ತಿಗೂ ಆರಿಲ್ಲ.

ಹೈದರಾಬಾದಿನ ಉಪ್ಪಲ್ ಕ್ರೀಡಾಂಗಣದಲ್ಲಿ ವಿ.ವಿ.ಎಸ್. ಲಕ್ಷ್ಮಣ್ ಹೆಸರಿನ ಪೆವಿಲಿಯನ್ ಇದೆ, ಇರಲೇಬೇಕು. ನನ್ನ ಆಸೆ, ಅದೇ ಅಂಗಳದ ಒಂದು ಗೋಡೆಯ ಮೇಲೆ ಮಿಥಾಲಿ, ಪೂರ್ಣಿಮಾ, ಎಂಬತ್ತರ ದಶಕದಲ್ಲೇ ಭಾರತಕ್ಕೆ ಟೆಸ್ಟ್ ಆಡಿದ ರಜನಿ ವೇಣುಗೋಪಾಲ್, ಇವರ ಜೊತೆಗೆ ಸಂಪತ್ ಕುಮಾರ್ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿ ಇರಬೇಕು. ಮಕ್ಕಳನ್ನು ನೆಟ್ಸ್‌ಗೆ ಕರೆತರುವ ತಂದೆತಾಯಂದಿರು ಓದಬೇಕಾದ ಗೋಡೆ ಅದು.

ನಿಜಾಮರ ಕಾಲದಲ್ಲಿ ಹೈದರಾಬಾದಿನ ಜೊತೆಗೇ ಇದ್ದ ನಮ್ಮ ಕಲಬುರಗಿಗೂ ಇದರಲ್ಲಿ ಪಾಲಿದೆ. ಅಲ್ಲಿ ಬೆಳೆದ ಆಫ್ ಸ್ಪಿನ್ನರ್ ನೂಷಿನ್ ಅಲ್ ಖದೀರ್ 78 ಏಕದಿನ ಪಂದ್ಯಗಳಲ್ಲಿ 100 ವಿಕೆಟ್ ಕಿತ್ತವರು. 2005ರಲ್ಲಿ ದಕ್ಷಿಣ ಆಫ್ರಿಕಾದ ಸೆಂಚೂರಿಯನ್‌ನಲ್ಲಿ ವಿಶ್ವಕಪ್ ಫೈನಲ್ ಸೋತ ತಂಡದಲ್ಲಿದ್ದರು. 2023ರಲ್ಲಿ ಅದೇ ದೇಶದಲ್ಲಿ 19 ವರ್ಷದೊಳಗಿನವರ ಮೊದಲ ವಿಶ್ವಕಪ್ ಗೆದ್ದ ಹುಡುಗಿಯರಿಗೆ ಕೋಚ್ ಆಗಿದ್ದರು. 2025ರಲ್ಲಿ ಮಲೇಷ್ಯಾದಲ್ಲಿ ಅವರ ತಂಡ ಮತ್ತೆ ಗೆದ್ದಿತು. ಆ ಟೂರ್ನಿಯಲ್ಲಿ 309 ರನ್ ಬಾರಿಸಿ ಸರಣಿ ಶ್ರೇಷ್ಠೆಯಾದ ಗೊಂಗಡಿ ತ್ರಿಷಾ, ಭದ್ರಾಚಲಂನಿಂದ ಬಂದು ಪಳಗಿದ್ದು ಮಿಥಾಲಿ ಮೊದಲು ಬ್ಯಾಟ್ ಹಿಡಿದ ಅದೇ ಸೇಂಟ್ ಜಾನ್ಸ್‌ನಲ್ಲಿ. ಕಲಬುರಗಿಯ ಒಂದು ಮೈದಾನದ ನೆಟ್ಸ್‌ಗಾದರೂ ನೂಷಿನ್ ಹೆಸರಿಡಿ. ಅವರನ್ನೇ ಕರೆಸಿ, ಅವರ ಕೈಯಿಂದಲೇ ಹುಡುಗಿಯರಿಗೆ ಮೊದಲ ಓವರ್ ಹಾಕಿಸಿ.