ಗುದೈಬಿಯಾದಿಂದ ಕಂಡ ಕರಾವಳಿ

ಪ್ರಕಾಶ್ ತುಮಿನಾಡು ಎಂಬ ನಟನ ಬೆನ್ನು ಹಿಡಿದು ಹೊರಟರೆ ಈಚಿನ ಕನ್ನಡ ಸಿನಿಮಾ ಯಾವ ಕಡೆಗೆ ನಡೆಯುತ್ತಿದೆ ಎಂಬುದು ಸಾಕಷ್ಟು ತಿಳಿಯುತ್ತದೆ. 2022ರ 'ಕಾಂತಾರ'ದಲ್ಲಿ ನಾಯಕ ಶಿವನ ಗೆಳೆಯ ರಾಂಪನಾಗಿ ನಗಿಸಿದವರು ಅವರೇ. 2025ರ ಮಾರ್ಚ್‌ನಲ್ಲಿ ತೆರೆಕಂಡ 'ಮಿಥ್ಯ'ದಲ್ಲಿ ತಬ್ಬಲಿ ಹುಡುಗನನ್ನು ಮನೆಗೆ ಕರೆತಂದು ಅವನ ಜೊತೆ ಹೇಗೆ ಮಾತಾಡಬೇಕೆಂದು ತಿಳಿಯದೆ ಒದ್ದಾಡುವ ಹಿರಿಯ ಅವರು. ಜುಲೈನಲ್ಲಿ ಬಂದ 'ಸು ಫ್ರಮ್ ಸೋ'ದ ಹಳ್ಳಿಯಲ್ಲೂ ಅವರಿದ್ದಾರೆ, ಅಕ್ಟೋಬರ್ 2ರಂದು ಬಂದ 'ಕಾಂತಾರ ಚಾಪ್ಟರ್ 1'ರ ಕಾಡಿನ ಜನರ ನಡುವೆಯೂ ಇದ್ದಾರೆ. ಅದೇ ನಟ, ಅದೇ ಕರಾವಳಿ. ಆದರೆ ಒಂದು ಸಿನಿಮಾದಲ್ಲಿ ಅವರ ಮುಖ ನಮಗೆ ಪೂರ್ತಿ ದಕ್ಕುತ್ತದೆ, ಇನ್ನೊಂದರಲ್ಲಿ ಸೈನ್ಯ, ಬೆಂಕಿ, ಹೊಗೆಗಳ ನಡುವೆ ಹುಡುಕಬೇಕಾಗುತ್ತದೆ. ಈ ನಾಲ್ಕು ಸಿನಿಮಾಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನ್ನನ್ನು ಕಾಡುವ ಚಿಂತೆ ಇದು: ತೆರೆಯ ಮೇಲೆ ನಮ್ಮ ಊರು ದೊಡ್ಡದಾಗುತ್ತಿರುವಷ್ಟೇ ವೇಗದಲ್ಲಿ ಊರಿನ ಜನ ಚಿಕ್ಕವರಾಗುತ್ತಿದ್ದಾರೆ.

ಮನಾಮದ ಗುದೈಬಿಯಾದಲ್ಲಿ ಕೂತು ಇದನ್ನು ಬರೆಯುವುದಕ್ಕೆ ಕಾರಣವಿದೆ. ಬಹರೈನಿನಲ್ಲಿರುವ ಕನ್ನಡಿಗರಲ್ಲಿ ಹೆಚ್ಚಿನವರು ಮಂಗಳೂರು, ಉಡುಪಿ, ಕುಂದಾಪುರ, ಕಾಸರಗೋಡು ಕಡೆಯವರು. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಕುಂದಗನ್ನಡ. ಸಂಘದ ವೇದಿಕೆಯಲ್ಲಿ ಕನ್ನಡ. ಅಂದಲುಸ್ ಉದ್ಯಾನದ ಸುತ್ತಲಿನ ಗಲ್ಲಿಗಳಲ್ಲಿ, ಬ್ಯಾಚುಲರ್ ರೂಮುಗಳಲ್ಲಿ, ಕೋಲ್ಡ್ ಸ್ಟೋರುಗಳ ಮುಂದೆ ಕರಾವಳಿಯ ಸಿನಿಮಾದ ಮಾತು ಬಂದಾಗ ಅದು ಸಿನಿಮಾದ ಮಾತಾಗಿ ಉಳಿಯುವುದಿಲ್ಲ, ಮನೆಯ ಮಾತಾಗುತ್ತದೆ. ಊರಿನ ದೈವದ ಕೋಲಕ್ಕೆ ರಜೆ ಸಿಗದವನು ತೆರೆಯ ಮೇಲೆ ಕೋಲ ನೋಡುತ್ತಾನೆ. ಈ ಹಂಬಲಕ್ಕೆ ನನ್ನ ಗೌರವವಿದೆ, ನಾನೂ ಅದರೊಳಗಿನವನೇ. ಆದರೆ ವಿಮರ್ಶೆ ಹಂಬಲಕ್ಕೆ ಸೋತ ಕ್ಷಣದಿಂದ ಸಿನಿಮಾ ಮಾಡುವವರು ನಮ್ಮಿಂದ ಕಲಿಯುವುದಕ್ಕೆ ಏನೂ ಉಳಿಯುವುದಿಲ್ಲ.

'ಸು ಫ್ರಮ್ ಸೋ'ದಿಂದ ಶುರು ಮಾಡುತ್ತೇನೆ. ನಾಲ್ಕರಲ್ಲಿ ಊರಿನ ಉಸಿರಾಟ ಅತ್ಯಂತ ಸಹಜವಾಗಿ ಕೇಳಿಸುವುದು ಇದರಲ್ಲೇ. ಬರೆದು ನಿರ್ದೇಶಿಸಿದ ಜೆ.ಪಿ. ತುಮಿನಾಡು ಕಾಸರಗೋಡಿನ ಗಡಿಯಿಂದ ಬಂದವರು, ಮುಖ್ಯಪಾತ್ರವಾದ ಅಶೋಕನೂ ಅವರೇ. ರಾಜ್ ಬಿ. ಶೆಟ್ಟಿಯವರ ಸಂಸ್ಥೆ ಇದಕ್ಕೆ ಹಣ ಹೂಡಿತು. ಮರ್ಲೂರು ಎಂಬ ಹಳ್ಳಿಯ ಮದುವೆಮನೆಯಲ್ಲಿ, ಕುಡಿದ ಅಮಲಿನಲ್ಲಿ, ಹೆಂಗಸೊಬ್ಬಳು ಸ್ನಾನ ಮಾಡುವಲ್ಲಿ ಇಣುಕಿ ಸಿಕ್ಕಿಬಿದ್ದ ಅಶೋಕ ತಪ್ಪಿಸಿಕೊಳ್ಳಲು ಮೈಮೇಲೆ ಏನೋ ಬಂದವನಂತೆ ನಟಿಸುತ್ತಾನೆ. ಬಂದದ್ದು ಸೋಮೇಶ್ವರದ ಸುಲೋಚನೆಯ ಪ್ರೇತ ಎಂದು ಊರು ನಿಶ್ಚಯಿಸಿಬಿಡುತ್ತದೆ. ಸುಳ್ಳು ಅಶೋಕನದು, ಆದರೆ ಅದನ್ನು ಬೆಳೆಸುವುದು ಊರು. ಒಬ್ಬ ತನಗೆ ಗೊತ್ತಿದ್ದಷ್ಟು ಹೇಳುತ್ತಾನೆ, ಇನ್ನೊಬ್ಬ ಗೊತ್ತಿಲ್ಲದ್ದನ್ನು ಸೇರಿಸುತ್ತಾನೆ, ಮೂರನೆಯವನು ಅದಕ್ಕೆ ಸಾಕ್ಷಿಯಾಗುತ್ತಾನೆ. ನಮ್ಮ ಕಡೆ ವದಂತಿ ಹೇಗೆ ಮನೆಯಿಂದ ಮನೆಗೆ ಹೋಗುತ್ತದೆ ಎಂಬುದನ್ನು ಇಷ್ಟು ನಿಖರವಾಗಿ ಕಟ್ಟಿದ ಚಿತ್ರಕಥೆಯನ್ನು ಕನ್ನಡದಲ್ಲಿ ನಾನು ನೋಡಿಲ್ಲ.

ಈ ನಿಖರತೆಯ ಮೂಲ ರಂಗಭೂಮಿ. ದೀಪಕ್ ರೈ ಪಾಣಾಜೆ, ಮೈಮ್ ರಾಮದಾಸ್, ಪ್ರಕಾಶ್ ತುಮಿನಾಡು ಇವರೆಲ್ಲ ಒಬ್ಬರ ಮಾತಿನ ಬಾಲವನ್ನು ಇನ್ನೊಬ್ಬರು ಹಿಡಿದು ಎತ್ತುವ ರೀತಿ ತುಳು ನಾಟಕದ ಅಂಗಳದಲ್ಲಿ ಪಳಗಿದ್ದು. ಕೊಲ್ಲಿಯ ನಮ್ಮ ಸಂಘಗಳ ವೇದಿಕೆಗೆ ಊರಿನಿಂದ ನಾಟಕ ತಂಡಗಳು ಬಂದಾಗ ಇದೇ ಲಯ ಕೇಳಿದ್ದೇವೆ. ಸಿನಿಮಾಕ್ಕೆ ಬಂದ ನಾಟಕದವರು ದೊಡ್ಡದಾಗಿ ನಟಿಸುತ್ತಾರೆ ಎಂಬ ಹಳೆಯ ದೂರನ್ನು ಈ ಸಿನಿಮಾ ಅಳಿಸಿಹಾಕಿದೆ. ಇಲ್ಲಿ ದೊಡ್ಡದಾಗಿರುವುದು ಗುಂಪಿನ ಲಯ, ವ್ಯಕ್ತಿಯ ಹಾವಭಾವವಲ್ಲ. ಊರಿನ ಹಿರಿಯಣ್ಣನಂತಿರುವ ರವಿಯಣ್ಣನ ಪಾತ್ರದಲ್ಲಿ ಶನೀಲ್ ಗೌತಮ್ ಅವರು ಬಿಗಿದ ಮುಖ, ನಿಧಾನದ ನಡೆ ಇಷ್ಟರಲ್ಲೇ ಒಂದು ಇಡೀ ಒಂಟಿ ಬದುಕನ್ನು ಹೇಳುತ್ತಾರೆ. ಇನ್ನೊಂದು ಮಾತು. ದಶಕಗಳ ಕಾಲ ಮಂಗಳೂರು ಕನ್ನಡ ಅಂದರೆ ಬೆಂಗಳೂರಿನ ಸಿನಿಮಾಕ್ಕೆ ಅಡುಗೆಭಟ್ಟರ ತಮಾಷೆಯಾಗಿತ್ತು. ಇಲ್ಲಿ ಅದು ಒಂದು ಊರು ಯೋಚಿಸುವ, ಜಗಳವಾಡುವ, ದುಃಖಿಸುವ ಭಾಷೆ. ದೊಡ್ಡ ತಾರೆಯಿಲ್ಲದ, ಸಣ್ಣ ಬಂಡವಾಳದ ಈ ಸಿನಿಮಾ ಬಾಯಿಂದ ಬಾಯಿಗೆ ಹರಡಿ ನೂರು ಕೋಟಿ ದಾಟಿತು, ಮಲಯಾಳಕ್ಕೂ ಹೋಯಿತು. ಆ ಗೆಲುವು ನ್ಯಾಯವಾದದ್ದು.

ಆದರೂ ಈ ಸಿನಿಮಾ ತನ್ನ ಮೊದಲ ಘಟನೆಗೆ ಉತ್ತರ ಕೊಡುವುದಿಲ್ಲ. ಇಣುಕಿದ್ದು ಒಂದು ಅಪರಾಧ. ಕಥೆ ಅದನ್ನು ನಗೆಯ ಕೀಲಿಯಾಗಿ ಬಳಸಿ ಮುಂದೆ ನಡೆಯುತ್ತದೆ, ಹಿಂತಿರುಗಿ ನೋಡುವುದೇ ಇಲ್ಲ. ಇಣುಕಿಗೆ ಗುರಿಯಾದ ಹೆಣ್ಣಿಗೆ ಏನನ್ನಿಸಿತು ಎಂಬುದು ಊರಿಗೂ ಬೇಡ, ನಿರ್ದೇಶಕರಿಗೂ ಬೇಡ. ದ್ವಿತೀಯಾರ್ಧದಲ್ಲಿ ಸುಲೋಚನೆಯ ಮಗಳು ಭಾನು ಬರುತ್ತಾಳೆ, ಹತ್ತಿರದ ಸಂಬಂಧಿಕನಿಂದಲೇ ಅವಳು ಅನುಭವಿಸುತ್ತಿರುವ ಹಿಂಸೆ ತಿಳಿಯುತ್ತದೆ, ಅಶೋಕನ ಸುಳ್ಳು ಪ್ರೇತ ಅವಳ ನೆರವಿಗೆ ನಿಲ್ಲುತ್ತದೆ. ಆಲೋಚನೆ ಬಹಳ ಒಳ್ಳೆಯದು: ಸತ್ತ ಮೇಲಾದರೂ ಒಬ್ಬ ತಾಯಿಯ ಮಾತಿಗೆ ಊರು ಹೆದರಲಿ. ಆದರೆ ಆ ಮಾತನ್ನು ಆಡುವ ಬಾಯಿ ಗಂಡಸಿನದು, ಅದನ್ನು ನಂಬುವ ಗುಂಪು ಗಂಡಸರದು, ಕೊನೆಗೆ ದೊಡ್ಡವರಾಗುವವರೂ ಗಂಡಸರೇ. ಸಂಧ್ಯಾ ಅರಕೆರೆ ಎಷ್ಟೇ ಸೂಕ್ಷ್ಮವಾಗಿ ನಟಿಸಿದರೂ ಭಾನುವಿಗೆ ತನ್ನ ಕಥೆಯನ್ನು ತಾನೇ ಹೇಳುವ ಅವಕಾಶ ಕಡಿಮೆ. ಹೆಣ್ಣಿನ ಹೆಸರನ್ನೇ ಶೀರ್ಷಿಕೆ ಮಾಡಿಕೊಂಡ ಸಿನಿಮಾದಲ್ಲಿ ಇದು ಸಣ್ಣ ಕೊರತೆಯಲ್ಲ.

ಈಗ 'ಕಾಂತಾರ'. ರಿಷಬ್ ಶೆಟ್ಟಿಯವರಿಗೆ ಈ ಸಿನಿಮಾದ ಶಿವನ ಪಾತ್ರಕ್ಕಾಗಿ 2022ನೇ ಸಾಲಿನ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಬಂದಾಗ ನನಗೆ ನೆನಪಾದದ್ದು ಎಂ.ವಿ. ವಾಸುದೇವರಾವ್. ಶಿವರಾಮ ಕಾರಂತರ ಕಾದಂಬರಿಯನ್ನು ಆಧರಿಸಿ ಬಿ.ವಿ. ಕಾರಂತರು 1975ರಲ್ಲಿ ಮಾಡಿದ 'ಚೋಮನ ದುಡಿ'ಯ ಚೋಮನ ಪಾತ್ರಕ್ಕೆ ಅವರಿಗೆ ಅದೇ ಪ್ರಶಸ್ತಿ ಬಂದಿತ್ತು, ಸಿನಿಮಾಕ್ಕೆ ಸ್ವರ್ಣಕಮಲವೂ ಬಂದಿತ್ತು. ಎರಡೂ ಕರಾವಳಿಯ ಕಥೆಗಳು, ಎರಡರ ತಿರುಳೂ ಭೂಮಿ. ಅಸ್ಪೃಶ್ಯನಾದ ಚೋಮನ ಬಳಿ ಎತ್ತುಗಳಿವೆ, ಉಳಲು ನೆಲವಿಲ್ಲ. ಬೇಡಿದರೂ ಸಿಗುವುದಿಲ್ಲ, ಸಾಯುವವರೆಗೂ ಸಿಗುವುದಿಲ್ಲ. ಅವನ ಸಿಟ್ಟಿಗೂ ದುಃಖಕ್ಕೂ ಇರುವ ದಾರಿ ಒಂದೇ, ದುಡಿ. ಯಾವ ದೈವವೂ ಅವನ ಪರ ನಿಂತು ಧಣಿಯ ಕತ್ತು ಹಿಡಿಯುವುದಿಲ್ಲ.

'ಕಾಂತಾರ'ದಲ್ಲಿ ದೈವ ಬರುತ್ತದೆ. ಅಲ್ಲೇ ಅದರ ರೋಮಾಂಚನ, ಅಲ್ಲೇ ಅದರ ಸಮಸ್ಯೆ. 1847ರಲ್ಲಿ ಅರಸನೊಬ್ಬ ದೈವದ ಕಲ್ಲಿಗೆ ಬದಲಾಗಿ ಕಾಡಿನ ಜನರಿಗೆ ಕೊಟ್ಟ ನೆಲವನ್ನು ಅವನ ವಂಶದವರು ವಾಪಸ್ ಕೇಳುವುದು, 1990ರ ಹೊತ್ತಿಗೆ ಅದೇ ನೆಲವನ್ನು ಅರಣ್ಯ ಇಲಾಖೆ ತನ್ನದೆನ್ನುವುದು — ಇದು ಪಶ್ಚಿಮ ಘಟ್ಟದ ತಪ್ಪಲಿನಲ್ಲಿ ಇವತ್ತಿಗೂ ಜೀವಂತವಿರುವ ಪ್ರಶ್ನೆ. ಕಿಶೋರ್ ಅವರ ಅಧಿಕಾರಿ ಮುರಳಿ ಕೆಟ್ಟವನಲ್ಲ, ಕಾನೂನು ಓದಿದವನು. ಅವನಿಗೂ ಶಿವನಿಗೂ ನಡುವಿನ ತಿಕ್ಕಾಟದಲ್ಲಿ ಒಂದು ದೊಡ್ಡ ಸಿನಿಮಾ ಅಡಗಿತ್ತು: ಕಾಡು ಯಾರದು, ಬೇಲಿ ಹಾಕುವ ಹಕ್ಕು ಯಾರಿಗೆ? ಆದರೆ ಕೊನೆಗೆ ಎಲ್ಲ ಪಾಪವನ್ನೂ ಅಚ್ಯುತ್ ಕುಮಾರ್ ಅವರ ಧಣಿಯ ತಲೆಗೆ ಕಟ್ಟಿ, ದೈವದ ಕೈಯಿಂದಲೇ ಅಧಿಕಾರಿಯ ಮತ್ತು ಊರಿನ ಕೈಗಳನ್ನು ಜೋಡಿಸಿ ಕಥೆ ಮುಗಿಯುತ್ತದೆ. ಸರ್ಕಾರದ ಬೇಲಿಯ ಪ್ರಶ್ನೆ ಅಲ್ಲಿಗೆ ಕರಗಿಹೋಗುತ್ತದೆ. ಕೊನೆಯ ಇಪ್ಪತ್ತು ನಿಮಿಷಗಳ ಗುಳಿಗ ದೈವದ ಆವೇಶ ನನ್ನ ಮೈ ನವಿರೇಳಿಸಿತು, ಅರವಿಂದ ಕಶ್ಯಪರ ಕ್ಯಾಮೆರಾ ಮತ್ತು ಅಜನೀಶ್ ಲೋಕನಾಥರ ಸಂಗೀತ ಅಲ್ಲಿ ರಿಷಬ್ ಅವರ ದೇಹದೊಂದಿಗೇ ಉಸಿರಾಡುತ್ತವೆ. ಮೈ ನವಿರೇಳಿಸಿದ್ದರಿಂದಲೇ ಕಥೆ ತಪ್ಪಿಸಿಕೊಂಡದ್ದು ನಮ್ಮಲ್ಲಿ ಬಹಳ ಜನಕ್ಕೆ ಕಾಣಲಿಲ್ಲ.

ಶಿವನ ಪ್ರೇಯಸಿ ಲೀಲಾಳ ವಿಷಯ ಬೇಗ ಹೇಳಿಬಿಡಬಹುದು. ಊರಿನ ಮಗಳೇ ಅರಣ್ಯ ರಕ್ಷಕಿಯಾಗಿ ತನ್ನವರ ನೆಲಕ್ಕೆ ಬೇಲಿ ಹಾಕಬೇಕಾದ ಸಂಕಟ ಸಿನಿಮಾದ ಅತ್ಯಂತ ಬೆಲೆಬಾಳುವ ಎಳೆಯಾಗಿತ್ತು. ಅದನ್ನು ಬಿಟ್ಟು ಅವಳ ಸೊಂಟ ಚಿವುಟುವ ದೃಶ್ಯವನ್ನು ಪ್ರೇಮವೆಂದು ತೋರಿಸಲಾಯಿತು.

'ಕಾಂತಾರ ಚಾಪ್ಟರ್ 1'ರಲ್ಲಿ ಬಹರೈನಿನ ನೋಡುಗ ವಿಶೇಷವಾಗಿ ಮರುಳಾಗಬಹುದಾದ ಒಂದು ಭಾಗವಿದೆ. ಕದಂಬರ ಕಾಲದಲ್ಲಿ ನಡೆಯುವ ಕಥೆಯಲ್ಲಿ ಕಾಡಿನ ಬೆರ್ಮೆ ಬಾಂಗ್ರಾ ರಾಜ್ಯದ ಸಂತೆಗೆ ಇಳಿಯುತ್ತಾನೆ. ತನ್ನ ಜನ ಬೆಳೆದ ಸಂಬಾರ ಪದಾರ್ಥ ಬೇರೆಯವರ ಕೈಯಲ್ಲಿ ಚಿನ್ನವಾಗುವುದನ್ನು ನೋಡುತ್ತಾನೆ, ಬಂದರಿಗೇ ಹೋಗಿ ತಾವೇ ವ್ಯಾಪಾರ ಮಾಡುತ್ತೇವೆ ಎನ್ನುತ್ತಾನೆ. ಕರಾವಳಿಯ ಕರಿಮೆಣಸು ಅರಬ್ಬರ ಹಡಗುಗಳಲ್ಲಿ ಪಶ್ಚಿಮಕ್ಕೆ ಹೋಗುತ್ತಿದ್ದ ಇತಿಹಾಸ ನಮ್ಮದು. ಅದೇ ಸಮುದ್ರದ ಈ ದಡದಲ್ಲಿ ದುಡಿಯುತ್ತಿರುವ ನಮಗೆ ಆ ಬಂದರಿನ ಅಂಗಳ ದೂರದ ಪುರಾಣವಲ್ಲ. ಬೆಳೆದವನಿಗೆ ಬೆಲೆ ಏಕೆ ಸಿಗುವುದಿಲ್ಲ ಎಂಬ ಪ್ರಶ್ನೆಯನ್ನು ಮೊದಲಾರ್ಧ ಗಟ್ಟಿಯಾಗಿ ಕೇಳುತ್ತದೆ. ಈ ಸರಣಿಯಲ್ಲಿ ಮೊದಲ ಬಾರಿಗೆ ಕಾಡಿನ ಜನ ದೈವವನ್ನು ಕಾಯದೆ ತಾವೇ ಹೆಜ್ಜೆ ಇಡುತ್ತಾರೆ. ಆ ಭಾಗ ಮುಗಿದ ಮೇಲೆ ಯುದ್ಧ ಶುರುವಾಗುತ್ತದೆ. ರಥ, ಹುಲಿ, ಬೆಂಕಿ, ಮತ್ತೆ ಯುದ್ಧ. ತಾಂತ್ರಿಕವಾಗಿ ಕನ್ನಡದಲ್ಲಿ ಇಂಥದ್ದು ಬಂದಿಲ್ಲ ಎಂಬುದು ನಿಜ. ಆದರೆ ಬಂದರಿನ ವ್ಯಾಪಾರ ಏನಾಯಿತು, ಸಂತೆಯಲ್ಲಿ ಆ ಜನ ಏನು ಕಲಿತರು ಎಂಬುದನ್ನು ಸಿನಿಮಾ ಮರೆತೇಬಿಡುತ್ತದೆ. 'ಸು ಫ್ರಮ್ ಸೋ'ದಲ್ಲಿ ಐದು ಜನ ಒಂದು ಜಗಲಿಯಲ್ಲಿ ಕೂತರೆ ಐದು ಮನೆಗಳು ಕಾಣುತ್ತವೆ, ಇಲ್ಲಿ ನೂರಾರು ಜನ ಕಾಡಿನಿಂದ ಓಡಿಬಂದರೂ ಕಾಣುವುದು ಒಂದು ಗುಂಪು ಮಾತ್ರ.

ರುಕ್ಮಿಣಿ ವಸಂತ್ ಅವರ ರಾಜಕುಮಾರಿ ಕನಕವತಿ ಈ ಸಿನಿಮಾದ ನಿಜವಾದ ಸಂಪತ್ತು. ಗುಲ್ಶನ್ ದೇವಯ್ಯ ಅವರ ಅಯೋಗ್ಯ ಅರಸುಕುವರನ ಪಕ್ಕದಲ್ಲಿ ರಾಜ್ಯವನ್ನು ಅರ್ಥ ಮಾಡಿಕೊಂಡ ಒಬ್ಬಳೇ ಅವಳು. ಅವಳು ಕೊನೆಗೆ ಶತ್ರುವಾಗಿ ತಿರುಗುವುದರ ಬಗ್ಗೆ ನನ್ನ ತಕರಾರಿಲ್ಲ, ಆ ತಿರುವಿಗೆ ಸಿನಿಮಾ ಕೊಟ್ಟ ಸಮಯದ ಬಗ್ಗೆ ಇದೆ. ಒಬ್ಬ ಬುದ್ಧಿವಂತ ಹೆಣ್ಣಿನ ಅಧಿಕಾರದ ಆಸೆ ಹೇಗೆ ಬೆಳೆಯಿತು ಎಂಬುದನ್ನು ತೋರಿಸಿದ್ದರೆ ಅವಳು ಬೆರ್ಮೆಗೆ ಸರಿಸಾಟಿಯಾಗುತ್ತಿದ್ದಳು. ಈಗ ಅವಳು ಕ್ಲೈಮ್ಯಾಕ್ಸ್‌ಗೆ ಬೇಕಾದ ಅಚ್ಚರಿಯಾಗಿ ಮುಗಿಯುತ್ತಾಳೆ.

ಈ ಸಿನಿಮಾ ಬಂದಾಗ ದೈವದ ವೇಷ ಹಾಕಿ ಚಿತ್ರಮಂದಿರಗಳಿಗೆ ಬರಬೇಡಿ, ಆವೇಶದ ಅನುಕರಣೆ ಮಾಡಬೇಡಿ ಎಂದು ಚಿತ್ರತಂಡವೇ ಕೈಮುಗಿದು ಕೇಳಿಕೊಳ್ಳಬೇಕಾಯಿತು. ಅದನ್ನು ಅಭಿಮಾನಿಗಳ ಅತಿರೇಕ ಎಂದು ತಳ್ಳಿಹಾಕಿದರೆ ಅನ್ಯಾಯವಾಗುತ್ತದೆ. ದೈವ ಕಟ್ಟುವ ಪಂಬದ, ನಲಿಕೆ, ಪರವ ಸಮುದಾಯಗಳ ಬದುಕು, ಅವರು ಧಣಿಯ ಅಂಗಳದಲ್ಲಿ ಒಂದು ರಾತ್ರಿ ದೇವರಾಗಿ ಬೆಳಿಗ್ಗೆ ಮತ್ತೆ ಅಂಗಳದಾಚೆ ನಿಲ್ಲಬೇಕಾದ ಸತ್ಯ, ಇವು ತೆರೆಯ ಮೇಲೆ ಬಂದಿದ್ದರೆ ವೇಷ ಹಾಕಲು ಹೊರಟವನು ಒಮ್ಮೆ ಯೋಚಿಸುತ್ತಿದ್ದ. ಆವೇಶವನ್ನು ಮಾತ್ರ ತೋರಿಸಿದರೆ ಜನ ಆವೇಶವನ್ನು ಮಾತ್ರ ಒಯ್ಯುತ್ತಾರೆ.

ಬಹರೈನಿನ ನಮ್ಮವರಲ್ಲಿ ಸಿನಿಮಾದ ಅಭಿಪ್ರಾಯ ಹರಡುವುದು ಹೆಚ್ಚಾಗಿ ವಾಟ್ಸಾಪ್ ಧ್ವನಿಸಂದೇಶದಲ್ಲಿ. ಶುಕ್ರವಾರ ರಜೆ, ಮಾಲಿನಲ್ಲಿ ಕನ್ನಡಕ್ಕೆ ಕೆಲವೇ ಆಟ, ನಮ್ಮವರ ಸಿನಿಮಾವನ್ನು ಉಳಿಸಬೇಕೆಂಬ ಕಾಳಜಿ. ಆ ಕಾಳಜಿಯಿಂದಲೇ ಕನ್ನಡ ಸಿನಿಮಾ ಕೊಲ್ಲಿಯ ತೆರೆಗಳಲ್ಲಿ ಕಾಲೂರಿದೆ. ಆದರೆ ಪ್ರೋತ್ಸಾಹವೆಂದರೆ ಹೊಗಳಿಕೆ ಎಂದಾಗಿಬಿಟ್ಟರೆ ಸಣ್ಣ ಸಿನಿಮಾಕ್ಕೇ ಮೊದಲ ಪೆಟ್ಟು. ಎಲ್ಲವೂ ಸೂಪರ್ ಆದ ಕಡೆ ನಿಜವಾಗಿ ಒಳ್ಳೆಯದನ್ನು ಗುರುತಿಸಿ ಹೇಳಲು ಪದ ಉಳಿಯುವುದಿಲ್ಲ. ಸುಮಂತ್ ಭಟ್ ಅವರ 'ಮಿಥ್ಯ'ಕ್ಕೆ ಆದದ್ದು ಇದೇ.

2023ರಲ್ಲಿ ಮುಂಬೈ ಚಿತ್ರೋತ್ಸವದಲ್ಲಿ ಮೊದಲು ಕಂಡ ಈ ಸಿನಿಮಾದ ಕಥೆ ಎರಡು ಸಾಲಿನದು. ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಹನ್ನೊಂದರ ಹುಡುಗ ಮಿಥುನ್ ಮುಂಬೈ ಬಿಟ್ಟು ಉಡುಪಿ ಕಡೆಯ ಬಂಧುಗಳ ಮನೆಗೆ ಬರುತ್ತಾನೆ. ಸಾವಿನ ಸುತ್ತ ದೊಡ್ಡವರು ಪಿಸುಗುಟ್ಟುವುದನ್ನು ಅವನು ಅರೆಬರೆ ಕೇಳಿಸಿಕೊಳ್ಳುತ್ತಾನೆ, ಸಿಟ್ಟಾಗುತ್ತಾನೆ, ಸುಳ್ಳು ಹೇಳುತ್ತಾನೆ. ಅತೀಶ್ ಶೆಟ್ಟಿ ಎಂಬ ಬಾಲಕನ ಮುಖವನ್ನು ನಿರ್ದೇಶಕರು ನಂಬಿದ್ದಾರೆ. ಅಳು ಬರಿಸುವ ಸಂಗೀತವಿಲ್ಲ, ಉಪದೇಶ ಹೇಳುವ ಹಿರಿಯರಿಲ್ಲ, ಸಮುದ್ರವನ್ನು ಸುಂದರವಾಗಿ ತೋರಿಸುವ ಆತುರವಿಲ್ಲ. ಇಲ್ಲಿ ಕರಾವಳಿ ಎಂದರೆ ಒಂದು ಮನೆ, ಶಾಲೆಯ ದಾರಿ, ನೆರೆಯವರ ಕುತೂಹಲ. ಮಕ್ಕಳನ್ನು ಊರಿನಲ್ಲಿ ಬಂಧುಗಳ ಬಳಿ ಬಿಟ್ಟು ಕೊಲ್ಲಿಯಲ್ಲಿ ದುಡಿಯುವ ಎಷ್ಟೋ ಮನೆಗಳಿಗೆ ಈ ಹುಡುಗನ ಮೌನ ಪರಿಚಿತ. ನಾಲ್ಕರಲ್ಲಿ ಇದನ್ನೇ ನಾನು ಮೊದಲು ಇಡುತ್ತೇನೆ. ಪ್ರಕಾಶ್ ತುಮಿನಾಡು ಅವರ ನಗೆಯ ಹೆಸರನ್ನು ಪೂರ್ತಿ ಪಕ್ಕಕ್ಕಿಟ್ಟು, ಒಳ್ಳೆಯವನಾಗಿದ್ದೂ ಸರಿಯಾದ ಮಾತು ಸಿಗದ ಮನುಷ್ಯನನ್ನು ಬರೆದದ್ದಕ್ಕೆ ಇಡುತ್ತೇನೆ. ಕೊರತೆ ಇದರಲ್ಲೂ ಇದೆ. ರೂಪಾ ವರ್ಕಾಡಿ ಅವರ ಪಾತ್ರ, ತನ್ನ ದುಃಖವನ್ನೂ ಹೊತ್ತು ಈ ಮಗುವನ್ನೂ ಸಾಕಬೇಕಾದ ಹೆಂಗಸು, ಇನ್ನಷ್ಟು ಸಮಯ ಬೇಡುತ್ತದೆ. ಹುಡುಗನ ಕಣ್ಣಿನಿಂದಲೇ ನೋಡಬೇಕೆಂಬ ಹಟದಲ್ಲಿ ಚಿತ್ರಕಥೆ ಅವಳನ್ನು ಅಡುಗೆಮನೆಯ ಬಾಗಿಲಿನಲ್ಲೇ ನಿಲ್ಲಿಸಿಬಿಟ್ಟಿದೆ, ಒಳಗೆ ಹೋಗಿ ಅವಳ ಮಾತು ಕೇಳುವ ಧೈರ್ಯ ಮಾಡಿಲ್ಲ.